ಎಣಿಸಿದ್ದಕ್ಕೆ ಬಂದ ಪ್ರಶಸ್ತಿ

ತುಮಕೂರಿನ ಪತ್ರಿಕೆಯಲ್ಲಿ ಕೊಬ್ಬರಿ ರೇಟು ನೂರು ರೂಪಾಯಿ ಹೆಚ್ಚುಕಮ್ಮಿ ಅಚ್ಚಾದರೆ ಸಾಕು, ಬೆಳಿಗ್ಗೆ ಏಳಕ್ಕೆಲ್ಲ ಫೋನು ಶುರುವಾಗುತ್ತದೆ. ತಿಪಟೂರಿನಿಂದ, ತುರುವೇಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ. "ಏನ್ ಸ್ವಾಮಿ, ಹರಾಜಿನ ಕಡೆ ತಲೆ ಹಾಕಿದ್ರಾ ಇಲ್ಲ ಸುಮ್ನೆ ಬರೆದ್ರಾ?" ಅಂತ ಬೈಯುತ್ತಾರೆ. ಬೈಯಬೇಕಾದ್ದೇ. ಒಂದು ಅಂಕಿ ತಪ್ಪಿದರೆ ಯಾರದೋ ಮನೆಯ ಲೆಕ್ಕ ತಪ್ಪುತ್ತದೆ.

ನಾನು ಹನ್ನೊಂದು ವರ್ಷ ಜಿಲ್ಲೆಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಪೊಲೀಸು, ಕೋರ್ಟಿನ ಸುದ್ದಿ ಬರೆದೆ. ಅಷ್ಟೂ ವರ್ಷದಲ್ಲಿ ಒಬ್ಬರೂ ಫೋನ್ ಮಾಡಿ, "ಹೋದ ವರ್ಷ ಕಳ್ಳ ಅಂತ ಫೋಟೊ ಹಾಕಿದ್ರಲ್ಲ, ಅವನ ಕೇಸು ಏನಾಯ್ತು?" ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಬಂಧನದ ದಿನ ಠಾಣೆಯಿಂದ ಪ್ರಕಟಣೆ ಬರುತ್ತಿತ್ತು. ಮೇಜಿನ ಮೇಲೆ ವಶಪಡಿಸಿಕೊಂಡ ಮೊಬೈಲು, ಸರ, ಬೈಕಿನ ಕೀ. ಹಿಂದೆ ತಲೆ ತಗ್ಗಿಸಿ ನಿಂತವನು. ನಾನು 'ಖತರ್ನಾಕ್ ಕಳ್ಳನ ಬಂಧನ' ಎಂದು ತಲೆಬರಹ ಕೊಟ್ಟು ಮನೆಗೆ ಹೋಗುತ್ತಿದ್ದೆ. ಕೋರ್ಟು ಇನ್ನೂ ಕಣ್ಣು ಹಾಕದ ಕೇಸಿಗೆ ನಾನಾಗಲೇ ತೀರ್ಪು ಕೊಟ್ಟಾಗಿರುತ್ತಿತ್ತು.

ಇತ್ತೀಚೆಗೆ ಪತ್ರಿಕೋದ್ಯಮ ಓದುವ ನಾಲ್ಕಾರು ಮಕ್ಕಳು ಮನೆಗೆ ಬಂದಿದ್ದರು. ಅವರಲ್ಲಿ ಶಿರಾ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಅಮೆರಿಕದಲ್ಲಿ ಯಾವುದೋ ಊರಿನ ಪತ್ರಿಕೆ ಕೋರ್ಟಿನ ವಿಷಯ ಬರೆದು ಕಾನೂನೇ ಬದಲಾಯ್ತಂತೆ, ಪುಲಿಟ್ಜರ್ ಬಂತಂತೆ. ಏನ್ ಮಾಡಿದ್ರು ಅವ್ರು?" ಆವತ್ತು ಅರ್ಧಂಬರ್ಧ ಹೇಳಿ ಕಳಿಸಿದೆ. ಉಳಿದದ್ದು ಇಲ್ಲಿದೆ.

ಹತ್ತು ಜನ ಹೌದು ಅಂದರೆ ಸಾಕು

ಆ ಊರು ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್. ಪತ್ರಿಕೆಯ ಹೆಸರು 'ದಿ ಅಡ್ವೊಕೇಟ್'. 2019ರ ಏಪ್ರಿಲ್‌ನಲ್ಲಿ ಅದಕ್ಕೆ ಸ್ಥಳೀಯ ವರದಿಗಾರಿಕೆಯ ಪುಲಿಟ್ಜರ್ ಬಂತು, ಅಮೆರಿಕದ ಪತ್ರಕರ್ತರಿಗೆ ಸಿಗುವ ದೊಡ್ಡ ಪ್ರಶಸ್ತಿ. ಅವರು ಬರೆದದ್ದು ಆ ರಾಜ್ಯದ ಜ್ಯೂರಿ ಪದ್ಧತಿಯ ಬಗ್ಗೆ.

ಜ್ಯೂರಿ ಅಂದರೆ ನಮ್ಮ ಕಡೆಯ ಪಂಚಾಯ್ತಿ ಕಟ್ಟೆಯ ಪಂಚರನ್ನು ನೆನಪಿಸಿಕೊಳ್ಳಬಹುದು. ಆದರೆ ಇಲ್ಲಿ ಪಂಚರು ಊರಿನ ಹಿರಿಯರಲ್ಲ. ಪಟ್ಟಿಯಿಂದ ಕರೆಸಿದ ಸಾಮಾನ್ಯ ಜನ. ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಈ ಹನ್ನೆರಡು ಜನ ಹೇಳುತ್ತಾರೆ. ಅಮೆರಿಕದ ಬಹುತೇಕ ಕಡೆ ಗಂಭೀರ ಅಪರಾಧದಲ್ಲಿ ಆಗಲೂ ಹನ್ನೆರಡಕ್ಕೆ ಹನ್ನೆರಡೂ ಜನ ಒಪ್ಪಲೇಬೇಕಿತ್ತು. ಒಬ್ಬರು ಬೇಡ ಅಂದರೂ ಶಿಕ್ಷೆ ಇಲ್ಲ. ಲೂಸಿಯಾನಾದಲ್ಲಿ ಮಾತ್ರ ಹತ್ತು ಜನ ಸಾಕಿತ್ತು. ಜೀವನಪೂರ್ತಿ ಜೈಲಿಗೆ ಕಳಿಸುವ ಕೇಸಿನಲ್ಲೂ ಸಾಕಿತ್ತು. ಇಂಥ ನಿಯಮ ಇದ್ದ ಇನ್ನೊಂದೇ ರಾಜ್ಯ ಒರೆಗಾನ್.

ನಮ್ಮಲ್ಲೂ ಜ್ಯೂರಿ ಇತ್ತು, ಈಗಿನ ಮಕ್ಕಳಿಗೆ ಗೊತ್ತಿಲ್ಲ ಅಷ್ಟೆ. ನೌಕಾಪಡೆಯ ಅಧಿಕಾರಿ ನಾನಾವತಿ ಕೊಲೆ ಆರೋಪಿಯಾಗಿದ್ದ ಬಾಂಬೆಯ ಕೇಸಿನಲ್ಲಿ 1959ರಲ್ಲಿ ಒಂಬತ್ತು ಜನರ ಜ್ಯೂರಿ 8–1ರಲ್ಲಿ 'ತಪ್ಪಿತಸ್ಥನಲ್ಲ' ಎಂದಿತು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಲೂಸಿಯಾನಾದ ನಿಯಮ ಹುಟ್ಟಿದ್ದು 1898ರಲ್ಲಿ. ಗುಲಾಮಗಿರಿ ಮುಗಿದಿತ್ತು. ಕಪ್ಪು ಜನಾಂಗದವರನ್ನು ಜ್ಯೂರಿಯಿಂದ ಪೂರ್ತಿ ಹೊರಗಿಡಲು ಅಮೆರಿಕದ ಸಂವಿಧಾನ ಬಿಡುತ್ತಿರಲಿಲ್ಲ. ಆ ವರ್ಷ ರಾಜ್ಯದ ಸಂವಿಧಾನ ಬರೆಯಲು ಕೂತ ಬಿಳಿಯರ ಸಭೆ ಬಿಳಿಯರ ಮೇಲುಗೈ ಉಳಿಸುವುದೇ ತನ್ನ ಕೆಲಸ ಎಂದು ಬಾಯಿಬಿಟ್ಟೇ ಹೇಳಿಕೊಂಡಿತ್ತು. ಅದು ಹುಡುಕಿದ ಉಪಾಯ ಸರಳ. ಹನ್ನೆರಡರಲ್ಲಿ ಒಂಬತ್ತು ಜನ ಒಪ್ಪಿದರೆ ಸಾಕು. ಒಬ್ಬಿಬ್ಬರು ಕಪ್ಪು ಜನ ಒಳಗೆ ಕೂತರೆ ಕೂರಲಿ ಬಿಡಿ, ಅವರ ಮಾತು ಲೆಕ್ಕಕ್ಕೆ ಬರಲ್ಲ, ಅಲ್ವಾ? 1970ರ ದಶಕದಲ್ಲಿ ಒಂಬತ್ತನ್ನು ಹತ್ತು ಮಾಡಿದರು. ಅಷ್ಟೇ ಬದಲಾವಣೆ.

ಇದರಲ್ಲಿ ಗುಟ್ಟು ಅನ್ನುವಂಥದ್ದು ಏನೂ ಇರಲಿಲ್ಲ. ನಿಯಮ ಕಾನೂನು ಪುಸ್ತಕದಲ್ಲೇ ಇತ್ತು. ಅದರ ಚರಿತ್ರೆ ಗೊತ್ತಿದ್ದ ಪ್ರಾಧ್ಯಾಪಕರಿದ್ದರು, ದಿನಾ ಅದರಡಿ ವಾದಿಸುತ್ತಿದ್ದ ವಕೀಲರಿದ್ದರು. ಯಾರ ಹತ್ತಿರವೂ ಇಲ್ಲದಿದ್ದದ್ದು ಒಂದು ಅಂಕಿ. ವರ್ಷಕ್ಕೆ ಎಷ್ಟು ಜನ ಈ 'ಹತ್ತು ಸಾಕು' ನಿಯಮದಿಂದಲೇ ಜೈಲಿಗೆ ಹೋಗುತ್ತಿದ್ದಾರೆ? ಸರ್ಕಾರ ಆ ಲೆಕ್ಕ ಇಡುತ್ತಿರಲಿಲ್ಲ.

ಪತ್ರಿಕೆಯವರು ಮಾಡಿದ್ದು ಕತ್ತೆ ದುಡಿಮೆ. ಆರು ವರ್ಷದ ಅವಧಿಯ ಸುಮಾರು 3,000 ವಿಚಾರಣೆಗಳನ್ನು ಕೆದಕಿದರು. ಕೋರ್ಟಿಂದ ಕೋರ್ಟಿಗೆ ಹೋಗಿ, ಹಳೇ ಕಡತಗಳಲ್ಲಿ ಜ್ಯೂರಿಯ ಮತ ಎಷ್ಟಕ್ಕೆಷ್ಟು ಎಂದು ಹುಡುಕಿ, ಒಂದೊಂದಾಗಿ ಪಟ್ಟಿಗೆ ಹತ್ತಿಸಿದರು. ಮತದ ವಿವರ ಸಿಕ್ಕ ಕೇಸುಗಳನ್ನು ಕೂಡಿ ನೋಡಿದಾಗ, ಹನ್ನೆರಡು ಜನರ ಜ್ಯೂರಿ ಕೊಟ್ಟ ಶಿಕ್ಷೆಗಳಲ್ಲಿ ಶೇ. 40ರಷ್ಟರಲ್ಲಿ ಒಬ್ಬರೋ ಇಬ್ಬರೋ ಒಪ್ಪಿರಲೇ ಇಲ್ಲ. ಆರೋಪಿ ಕಪ್ಪು ಜನಾಂಗದವನಾದರೆ ಶೇ. 43, ಬಿಳಿಯನಾದರೆ ಶೇ. 33.

ಈ ಅಂಕಿ ಬರುವ ಮುಂಚೆ ಅದು ವಾದ. ಬಂದ ಮೇಲೆ ಅದು ಕೊಬ್ಬರಿ ರೇಟು. ಯಾರೂ "ಅದೆಲ್ಲ ನಿಮ್ಮ ಅಭಿಪ್ರಾಯ" ಎಂದು ತಳ್ಳಿಹಾಕುವ ಹಾಗಿರಲಿಲ್ಲ. 2018ರ ವಸಂತದಲ್ಲಿ ಸರಣಿ ಬಂತು. ಅದೇ ವರ್ಷ ಶಾಸನಸಭೆ ವಿಷಯವನ್ನು ಜನರ ಮುಂದಿಟ್ಟಿತು. ನವೆಂಬರ್‌ನಲ್ಲಿ ಮತದಾರರಲ್ಲಿ ಶೇ. 64ರಷ್ಟು ಜನ 'ಹನ್ನೆರಡೂ ಜನ ಒಪ್ಪಲೇಬೇಕು' ಎಂದರು. 120 ವರ್ಷದ ನಿಯಮ ಹೋಯಿತು. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೂಡ, ರಾಮೋಸ್ ಎಂಬುವನ ಕೇಸಿನಲ್ಲಿ, ಒಮ್ಮತವಿಲ್ಲದ ಜ್ಯೂರಿ ಶಿಕ್ಷೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಅವನನ್ನೂ 10–2ರಲ್ಲೇ ಒಳಗೆ ಹಾಕಿದ್ದರು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಸಿಹಿಯಾಗಿರುತ್ತದೆ. ಆದರೆ ಮತದಾರರು ಬದಲಾಯಿಸಿದ್ದು 2019ರ ಜನವರಿ 1ರ ನಂತರ ನಡೆದ ಅಪರಾಧಗಳಿಗೆ ಮಾತ್ರ. ಹಳೆಯ ಶಿಕ್ಷೆಗಳಿಗೆ ರಾಮೋಸ್ ತೀರ್ಪು ಅನ್ವಯಿಸುತ್ತದಾ ಎಂದು ಕೇಳಿದಾಗ, ಮೇಲ್ಮನವಿ ಮುಗಿದು ಹೋದವರಿಗೆ ಇಲ್ಲ ಎಂದು 2021ರಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿತು. ತಪ್ಪು ನಿಯಮ ಎಂದು ಎಲ್ಲರೂ ಒಪ್ಪಿದ ಮೇಲೂ ಆ ನಿಯಮದಲ್ಲಿ ಒಳಗೆ ಹೋದವರು ಒಳಗೇ ಉಳಿದರು. ಒರೆಗಾನ್‌ನಲ್ಲಿ ಮಾತ್ರ ಅಲ್ಲಿನ ಸುಪ್ರೀಂ ಕೋರ್ಟು 2022ರಲ್ಲಿ ಹಳಬರಿಗೂ ಬಾಗಿಲು ತೆರೆಯಿತು.

ನಮ್ಮ 1979

"ಅಮೆರಿಕದಲ್ಲಿ ಆಗುತ್ತೆ ಬಿಡಿ ಸಾರ್" ಎಂದು ಆ ಮಕ್ಕಳಲ್ಲೊಬ್ಬ ಅಂದ. ಅವನಿಗೆ ನಮ್ಮದೇ ಒಂದು ಕಥೆ ಹೇಳಿದೆ.

ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ.ಎಫ್. ರುಸ್ತುಂಜಿ ಬಿಹಾರದ ಜೈಲುಗಳನ್ನು ನೋಡಿ ಬಂದು 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬರೆದರು. ವಿಚಾರಣೆಯೇ ಶುರುವಾಗದೆ ವರ್ಷಗಟ್ಟಲೆ ಕೂತವರು ಅಲ್ಲಿದ್ದರು. ಅಪರಾಧ ಸಾಬೀತಾಗಿದ್ದರೆ ಸಿಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಜಾಸ್ತಿ ದಿನ ಒಳಗಿದ್ದವರೂ ಇದ್ದರು. ದೆಹಲಿಯಲ್ಲಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಆ ವರದಿ ಹಿಡಿದುಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೈನಾರಾ ಖಾತೂನ್ ಕೇಸು. ತಡವಿಲ್ಲದ ವಿಚಾರಣೆ ಬದುಕುವ ಹಕ್ಕಿನ ಭಾಗ ಎಂದು ಕೋರ್ಟು ಹೇಳಿತು. ಮುಂದೆ ಆ ಕೇಸಿನ ಬಲದಿಂದ ಹೊರಬಂದವರು ಸುಮಾರು 40,000 ಮಂದಿ ಎಂದು ಲೆಕ್ಕ ಹೇಳುತ್ತಾರೆ.

ಒಂದು ಪತ್ರಿಕೆ ಬರಹ, ಅದನ್ನು ಕತ್ತರಿಸಿ ಇಟ್ಟುಕೊಂಡ ಒಬ್ಬ ವಕೀಲೆ. ಇಷ್ಟೇ.

ಆದರೂ 2022ರ ಕೊನೆಯ ಹೊತ್ತಿಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕಿಂತ ಜಾಸ್ತಿ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ಅಂದರೆ ಜೈಲಿನಲ್ಲಿ ಇರುವವರಲ್ಲಿ ನಾಲ್ಕರಲ್ಲಿ ಮೂವರನ್ನು ಯಾವ ಕೋರ್ಟೂ ತಪ್ಪಿತಸ್ಥರು ಎಂದಿಲ್ಲ.

ಬೇಲ್ ಸಿಕ್ಕಿದೆ, ಶೂರಿಟಿ ಸಿಕ್ಕಿಲ್ಲ

ಇದು ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ದೆಹಲಿಗೆ ಹೋಗಬೇಕಿಲ್ಲ. ತುಮಕೂರಿನ ಕೋರ್ಟ್ ಆವರಣದಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು.

ನಮ್ಮ ಜನ 'ಬೇಲ್ ಆಯ್ತು' ಅಂದರೆ ಹೊರಗೆ ಬಂದ ಹಾಗೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಜಾಮೀನಿನ ಆದೇಶ ಒಂದು ಬಾಗಿಲು. ಅದರ ಹಿಂದೆ ಇನ್ನೊಂದು ಬಾಗಿಲಿದೆ, ಅದರ ಹೆಸರು ಶೂರಿಟಿ. ಆರೋಪಿ ಓಡಿಹೋದರೆ ನಾನು ಹೊಣೆ ಎಂದು ಹೇಳುವ ಜಾಮೀನುದಾರ ಬೇಕು. ಅವನಿಗೆ ಆಸ್ತಿ ಇರಬೇಕು. ನಮ್ಮ ಕಡೆ ಆಸ್ತಿ ಎಂದರೆ ಪಹಣಿ. ಶೂರಿಟಿಗೆ ಬರುವವನು ತನ್ನ ಹೆಸರಿನ ಪಹಣಿ, ಆಧಾರ್ ಕಾರ್ಡು ಹಿಡಿದು ಒಂದು ದಿನದ ಕೂಲಿ ಬಿಟ್ಟು ಬರಬೇಕು.

ಇಲ್ಲೇ ಹಳ್ಳಿಯವರು ಸಿಕ್ಕಿಹಾಕಿಕೊಳ್ಳುವುದು. ಎರಡೆಕರೆ ಜಮೀನು ಇದೆ, ರಾಗಿ ಬೆಳೀತಾರೆ, ನಾಲ್ಕು ತೆಂಗಿನ ಮರವೂ ಇವೆ. ಆದರೆ ಪಹಣಿ ಇನ್ನೂ ತಾತನ ಹೆಸರಲ್ಲಿದೆ. ತಾತ ಸತ್ತು ಇಪ್ಪತ್ತು ವರ್ಷ ಆಗಿದೆ. ಪೌತಿ ಖಾತೆ ಮಾಡಿಸಿಲ್ಲ, ಅಣ್ಣತಮ್ಮಂದಿರು ಒಪ್ಪಿಲ್ಲ. ಉಳುವವನು ಇವನೇ, ಕಾಗದದಲ್ಲಿ ಇವನಿಗೆ ಒಂದು ಗುಂಟೆಯೂ ಇಲ್ಲ. ಇವನು ಭಾವಮೈದನಿಗೆ ಶೂರಿಟಿ ಕೊಡುವುದು ಹೇಗೆ? ಕಂದಾಯ ಇಲಾಖೆಯ ಒಂದು ಬಾಕಿ ಕೆಲಸ ಹೀಗೆ ಬಂದು ಜೈಲಿನ ಬೀಗವಾಗುತ್ತದೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಒಂದು ಸಲವೂ ಬರೆಯಲಿಲ್ಲ. ಅದು ಸುದ್ದಿ ಎಂದೇ ಅನ್ನಿಸಲಿಲ್ಲ.

ಪಾವಗಡದವರ ಕಷ್ಟ ಇನ್ನೂ ಒಂದು ಕೈ ಜಾಸ್ತಿ. ತಾಲ್ಲೂಕಿನ ಬಹುತೇಕ ಗಡಿ ಆಂಧ್ರಕ್ಕೆ ಅಂಟಿಕೊಂಡಿದೆ. ನೆಂಟರಲ್ಲಿ ಅರ್ಧ ಜನ ಆ ಕಡೆಯವರು, ಅವರ ಜಮೀನಿನ ಕಾಗದ ತೆಲುಗಿನಲ್ಲಿದೆ. ಇನ್ನು ವಸಂತನರಸಾಪುರದ ಕಾರ್ಖಾನೆಗಳಿಗೆ ಬಿಹಾರ, ಒಡಿಶಾದಿಂದ ಬಂದ ಹುಡುಗರು ಹೊಡೆದಾಟದಲ್ಲೋ ಕಳ್ಳತನದ ಅನುಮಾನದಲ್ಲೋ ಒಳಗೆ ಹೋದರೆ, ಅವರಿಗೆ ಇಲ್ಲಿ ಪಹಣಿ ತರುವವರು ಯಾರು?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 1978ರಲ್ಲೇ ಕೇಳಿತ್ತು. ಮಧ್ಯಪ್ರದೇಶದಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಿತ್ತು. ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಶೂರಿಟಿ ಕೇಳಿದರು. ಅವನ ಸಹೋದರ ಶೂರಿಟಿಗೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ, ಒಬ್ಬ ಕನ್ನಡಿಗನೋ ಮಲಯಾಳಿಯೋ ಬಸ್ತಾರದಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಶೂರಿಟಿಯನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ನಮ್ಮ ಹೆಸರು ಹಿಡಿದೇ ಕೇಳಿದ ಪ್ರಶ್ನೆ ಅದು. ಈಗ ನಾವು ಅದನ್ನು ವಸಂತನರಸಾಪುರದ ಒಡಿಯಾ ಹುಡುಗನ ಪರವಾಗಿ ತಿರುಗಿಸಿ ಕೇಳಬೇಕು.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಕೆಲವು ಸೂಚನೆ ಕೊಟ್ಟಿತು. ಜಾಮೀನಿನ ಆದೇಶದ ಪ್ರತಿ ಆ ದಿನವೋ ಮರುದಿನವೋ ಇ-ಮೇಲ್‌ನಲ್ಲಿ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶೂರಿಟಿ ಹೊಂದಿಸಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬಹುದು. ಸ್ಥಳೀಯ ಶೂರಿಟಿಯೇ ಬೇಕು ಎಂಬ ಹಟ ಬೇಡ ಎಂದೂ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು, ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ. ಕಾಗದದ ಮೇಲೆ ಎಲ್ಲ ಇದೆ.

ಆಮೇಲೆ ಹೊಸ ಕಾನೂನು ಬಂತು. 2024ರ ಜುಲೈ 1. ಆ ದಿನ ನಮ್ಮಲ್ಲಿ ಪತ್ರಿಕಾ ದಿನ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದ ನೆನಪಿಗೆ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಜಿಲ್ಲೆಜಿಲ್ಲೆಯಲ್ಲೂ ನಾವು ಪತ್ರಕರ್ತರು ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ದಿನವೇ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾಯಿತು.

ಅದರ 479ನೇ ಕಲಂ ಪ್ರತಿ ಜಿಲ್ಲಾ ವರದಿಗಾರನ ಜೇಬಿನಲ್ಲಿರಬೇಕು. ಹಿಂದೆ ಮುಂಚೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವನು, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಬಿಡಬೇಕು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಮೈಮೇಲಿದ್ದವರಿಗೂ ಇಲ್ಲ. ಲೆಕ್ಕ ಹಾಕಿ ನೋಡಿ. ಸಾಧಾರಣ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಹಾಗಾದರೆ 1 ವರ್ಷ ಆದ ಕೂಡಲೇ. ಮನೆಗಳ್ಳತನಕ್ಕೆ 7 ವರ್ಷ. ಹಾಗಾದರೆ 2 ವರ್ಷ 4 ತಿಂಗಳು.

ಇದರಲ್ಲಿ ಒಂದು ಪದ ಎಲ್ಲರ ಕಣ್ಣಿಗೂ ತಪ್ಪುತ್ತದೆ. ಉಳಿದವರನ್ನು 'ಬೇಲ್' ಮೇಲೆ ಬಿಡಬೇಕು ಎಂದಿರುವ ಕಾನೂನು, ಮೊದಲ ಸಲದವರನ್ನು 'ಬಾಂಡ್' ಮೇಲೆ ಬಿಡಬೇಕು ಎನ್ನುತ್ತದೆ. ಬಾಂಡ್ ಎಂದರೆ ಶೂರಿಟಿ ಇಲ್ಲದ ಸ್ವಂತ ಮುಚ್ಚಳಿಕೆ ಎಂದು ಅದೇ ಕಾನೂನಿನ ಮೊದಲ ಪುಟಗಳಲ್ಲಿ ಬಿಡಿಸಿ ಬರೆದಿದ್ದಾರೆ. ಅಂದರೆ ಪಹಣಿ ಬೇಡ. ತಾತನ ಹೆಸರಲ್ಲಿದ್ದರೂ ಪರವಾಗಿಲ್ಲ. ಒಂದು ಪದದಲ್ಲಿ ಆ ಎರಡನೇ ಬಾಗಿಲು ತೆರೆದುಕೊಂಡಿದೆ. ಇದರ ಅರ್ಜಿ ಹಾಕಬೇಕಾದವರು ಕೈದಿಯೂ ಅಲ್ಲ, ಅವನ ವಕೀಲರೂ ಅಲ್ಲ. ಜೈಲಿನ ಅಧೀಕ್ಷಕರೇ ಕೋರ್ಟಿಗೆ ಬರೆಯಬೇಕು. ಜುಲೈ 1ಕ್ಕಿಂತ ಹಿಂದಿನ ಕೇಸುಗಳಿಗೂ ಇದು ಅನ್ವಯ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಸರಿ. ನಮ್ಮ ಜಿಲ್ಲಾ ಜೈಲಿನಲ್ಲಿ ಈ ಗೆರೆ ದಾಟಿದವರು ಎಷ್ಟು ಜನ? ಅವರಿಗಾಗಿ ಎಷ್ಟು ಅರ್ಜಿ ಹೋದವು? ಎಷ್ಟು ಜನ ಹೊರಬಂದರು? ಬೇಲ್ ಆದೇಶ ಆದ ದಿನಕ್ಕೂ ಗೇಟು ತೆರೆದ ದಿನಕ್ಕೂ ನಡುವೆ ಎಷ್ಟು ದಿನ? ತುಮಕೂರಿನ ಶೇ. 40 ಎಂಬುದು ಇಲ್ಲೇ ಎಲ್ಲೋ ಇದೆ.

ಎಣಿಸಲು ಬೇಕಾದ್ದು ಹಿಂದಿಗಿಂತ ಈಗ ಸುಲಭ. ಇ-ಕೋರ್ಟ್ಸ್ ತಾಣದಲ್ಲಿ ಪ್ರತಿ ಕೇಸಿನ ವಾಯಿದೆ, ಹಂತ, ಅನೇಕ ಸಲ ಆದೇಶದ ಪ್ರತಿಯೂ ಸಿಗುತ್ತದೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸರ ತಾಣಕ್ಕೆ ಹಾಕಬೇಕು ಎಂದು 2016ರಲ್ಲೇ ಆದೇಶವಾಗಿದೆ, ಸೂಕ್ಷ್ಮ ಕೇಸು ಬಿಟ್ಟು. ಜೈಲಿನ ಲೆಕ್ಕಕ್ಕೆ ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿ, ಮೂವತ್ತು ದಿನ. ಒಂದು ಕಿವಿಮಾತು. ಕೈದಿಗಳ ಹೆಸರು ಕೇಳಬೇಡಿ. ಖಾಸಗಿ ಮಾಹಿತಿ ಎಂದು ಅರ್ಜಿ ವಾಪಸು ಬರುತ್ತದೆ. ಎಷ್ಟು ಜನ, ಯಾವ ಕಲಂ, ಎಷ್ಟು ದಿನ ಎಂದಷ್ಟೇ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಮ್ಮ ಸಬ್ ಎಡಿಟರುಗಳಿಗೆ ಇದು ಒಳ್ಳೇ ಅಭ್ಯಾಸ.

ಇನ್ನೊಂದು ಬಾಗಿಲು ಇದೆ, ವಿಚಾರಣಾಧೀನರ ಪರಿಶೀಲನಾ ಸಮಿತಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಅದರಲ್ಲಿ ಕೂರುತ್ತಾರೆ. ಜಿಲ್ಲಾಧಿಕಾರಿಗಳ ಸಭೆ ಎಂದರೆ ನಾವು ಕುಡಿಯುವ ನೀರು, ಮೇವು ಎಂದಷ್ಟೇ ಓಡುತ್ತೇವೆ. ಈ ಸಭೆಯ ನಡಾವಳಿ ಕೇಳಿದ ವರದಿಗಾರನನ್ನು ನಾನು ಕಂಡಿಲ್ಲ. ನಾನೂ ಕೇಳಿಲ್ಲ.

ಕಂಬಾಲಪಲ್ಲಿ

ಇಷ್ಟೆಲ್ಲ ಓದಿದವರು, ಇದೇನು ಆರೋಪಿಗಳ ಪರವೇ ಆಯ್ತಲ್ಲ ಎನ್ನಬಹುದು. ನ್ಯಾಯದ ಯಂತ್ರ ಕೆಟ್ಟರೆ ಎರಡೂ ಕಡೆಯವರ ಕೈ ಕಡಿಯುತ್ತದೆ. ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಇನ್ನೂ ಬೇರೆಯಾಗಿರಲಿಲ್ಲ. ದೇಶವೆಲ್ಲ ಬಂದು ಹೋಯಿತು. ಮೊದಲ ವಾರ ಪತ್ರಿಕೆಗಳ ತುಂಬ ಅದೇ. ಆಮೇಲೆ ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ, ಸುಟ್ಟವರು ಯಾರೂ ಇಲ್ಲ.

ಸಾಕ್ಷಿ ಕಟಕಟೆಯಲ್ಲಿ ನಿಂತು "ನನಗೇನೂ ಗೊತ್ತಿಲ್ಲ ಸ್ವಾಮಿ" ಅನ್ನುವುದು ಒಂದೇ ದಿನದಲ್ಲಿ ಆಗುವುದಲ್ಲ. ಆ ಊರಲ್ಲೇ ಬದುಕಬೇಕು, ಅದೇ ಜಮೀನಿಗೆ ಕೂಲಿಗೆ ಹೋಗಬೇಕು, ಪ್ರತಿ ವಾಯಿದೆಗೂ ಬಸ್ಸಿಗೆ ದುಡ್ಡು ಹೊಂದಿಸಬೇಕು. ಆ ಆರು ವರ್ಷ ಪ್ರತಿ ವಾಯಿದೆಗೂ ಒಬ್ಬ ವರದಿಗಾರ ಹಿಂದಿನ ಬೆಂಚಿನಲ್ಲಿ ಕೂತಿರುವುದು ಬೇರೆ, ತೀರ್ಪಿನ ದಿನ ಮಾತ್ರ ಬರುವುದು ಬೇರೆ. ಕೂತಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂದು ನಾನು ಹೇಳಲಾರೆ. ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆಯನ್ನು ಸುಪ್ರೀಂ ಕೋರ್ಟು ಒಪ್ಪಿದ್ದು 2018ರಲ್ಲಿ. ಕಂಬಾಲಪಲ್ಲಿಯವರಿಗೆ ಅದು ತಡವಾಗಿ ಹೋಗಿತ್ತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಅಂಥ ಯೋಜನೆ ಮಾಡಲೇಬೇಕು ಎನ್ನುತ್ತದೆ. ಇವತ್ತಿನ ಸಾಕ್ಷಿಗಳು ಅದನ್ನು ಕೇಳಿದ್ದಾರಾ, ಕೇಳಿದರೆ ಸಿಕ್ಕಿದೆಯಾ ಎಂಬುದೂ ಎಣಿಸಬೇಕಾದ ಲೆಕ್ಕವೇ.

ಹೆದರಿಕೆಯ ಮಾತೂ ಬಂತು. "ಕೋರ್ಟಿನ ಬಗ್ಗೆ ಬರೆದರೆ ನಿಂದನೆ ಕೇಸು ಬೀಳಲ್ವಾ ಸಾರ್?" ನ್ಯಾಯಾಂಗ ನಿಂದನೆ ಕಾಯ್ದೆಯಲ್ಲೇ ಇದಕ್ಕೆ ಉತ್ತರ ಇದೆ. ನಡೆದದ್ದನ್ನು ನಡೆದ ಹಾಗೆ ವರದಿ ಮಾಡುವುದು ನಿಂದನೆಯಲ್ಲ, ತೀರ್ಪು ಬಂದ ಮೇಲೆ ಅದನ್ನು ನ್ಯಾಯವಾಗಿ ವಿಮರ್ಶಿಸುವುದೂ ಅಲ್ಲ. ಅತ್ಯಾಚಾರದ ಸಂತ್ರಸ್ತೆಯ ಗುರುತು, ಮಕ್ಕಳ ಗುರುತು ಮಾತ್ರ ಯಾವ ಕಾರಣಕ್ಕೂ ಬಯಲು ಮಾಡುವಂತಿಲ್ಲ. ಸಣ್ಣ ಪತ್ರಿಕೆಗೆ ನಿಜವಾದ ಹೆದರಿಕೆ ಕಾನೂನಿನದಲ್ಲ. ನಾಳೆಯಿಂದ ಠಾಣೆಯ ಪ್ರಕಟಣೆ ನಿಂತುಹೋದರೆ ಪುಟ ತುಂಬಿಸುವುದು ಹೇಗೆ, ಸರ್ಕಾರಿ ಜಾಹೀರಾತು ನಿಂತರೆ ಸಂಬಳ ಕೊಡುವುದು ಹೇಗೆ. ಅದು ಸುಳ್ಳು ಭಯವಲ್ಲ. ನಾನೂ ಅದರಲ್ಲೇ ಹನ್ನೊಂದು ವರ್ಷ ದಾಟಿಸಿದೆ.

ಪ್ರಶಸ್ತಿಯ ಮಾತು ಕೊನೆಗೆ. ಪುಲಿಟ್ಜರ್ 1917ರಿಂದ ಇದೆ, ಕೊಡುವುದು ಕೊಲಂಬಿಯಾ ವಿಶ್ವವಿದ್ಯಾಲಯ. ಅಡ್ವೊಕೇಟ್‌ಗೆ ಸಿಕ್ಕ ವಿಭಾಗದಲ್ಲಿ ಹಣ 15,000 ಡಾಲರ್. ಪ್ರಶಸ್ತಿ ಬಂದ ಕೆಲವೇ ವಾರಗಳಲ್ಲಿ ಆ ಪತ್ರಿಕೆಯ ಮಾಲೀಕರು ನ್ಯೂ ಆರ್ಲಿಯನ್ಸ್‌ನ 1837ರ ಹಳೇ ಪತ್ರಿಕೆಯನ್ನು ಕೊಂಡರು. ಆ ಹಳೇ ಪತ್ರಿಕೆ 2012ರಲ್ಲಿ ಖರ್ಚು ಉಳಿಸಲು ವಾರಕ್ಕೆ ಮೂರೇ ದಿನ ಅಚ್ಚು ಹಾಕಲು ಹೊರಟಾಗ, ಆ ಊರಿಗೆ ನುಗ್ಗಿ ಜಾಸ್ತಿ ವರದಿಗಾರರನ್ನು ಇಟ್ಟದ್ದು ಇದೇ ಅಡ್ವೊಕೇಟ್.

ನಮ್ಮಲ್ಲಿ ಕರ್ನಾಟಕ ಮಾಧ್ಯಮ ಅಕಾಡೆಮಿಯ ಪ್ರಶಸ್ತಿಗಳಿವೆ, ಸಂಘಗಳ ಸನ್ಮಾನಗಳಿವೆ. ತುಮಕೂರಿನ ಪ್ರಜಾಪ್ರಗತಿ, ಕೋಲಾರದ ಕೋಲಾರ ಪತ್ರಿಕೆ ಇಂಥ ಜಿಲ್ಲಾ ದಿನಪತ್ರಿಕೆಗಳು ಇಷ್ಟು ವರ್ಷ ಬದುಕಿರುವುದೇ ದೊಡ್ಡದು. ಆದರೆ ನಾವು ಸಾಮಾನ್ಯವಾಗಿ ಶಾಲು ಹೊದಿಸುವುದು ವಯಸ್ಸಿಗೆ. ಇಷ್ಟು ವರ್ಷ ಸೇವೆ ಎನ್ನುತ್ತೇವೆ. ಯಾವ ಬರಹಕ್ಕೆ ಎಂದು ಯಾರೂ ಕೇಳುವುದಿಲ್ಲ. ನನಗೂ ಒಂದು ಶಾಲು ಬಂದಿದೆ. ಯಾವ ಸುದ್ದಿಗೆ ಅಂತ ನನ್ನನ್ನು ಕೇಳಿದರೆ ಕಷ್ಟ.

ಆ ಶಿರಾ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ನನ್ನ ಹಳೇ ಕತ್ತರಿಕೆಗಳ ಫೈಲು ಕೇಳಿ ತೆಗೆದುಕೊಂಡು ಹೋಗಿದ್ದಳು. ಅದರಿಂದ ಇಪ್ಪತ್ತು 'ಖತರ್ನಾಕ್' ಸುದ್ದಿ ಆರಿಸಿ, ಒಂದೊಂದನ್ನೂ ಇ-ಕೋರ್ಟ್ಸ್‌ನಲ್ಲಿ ಹುಡುಕುತ್ತಾ ಕೂತಿದ್ದಾಳೆ. ಕೆಲವು ಸಿಕ್ಕಿವೆ, ಕೆಲವು ಇನ್ನೂ ಇಲ್ಲ. ಸಿಕ್ಕ ಒಂದನ್ನು ಮೊಬೈಲಿನಲ್ಲಿ ತೋರಿಸಿದಳು. ಅವನ ಫೋಟೊ ನಾನೇ ಹಾಕಿದ್ದೆ, ಮೂರು ಕಾಲಂ ಅಗಲ. ತೀರ್ಪಿನ ಕೊನೆಯ ಪುಟದಲ್ಲಿ ಖುಲಾಸೆ.

"ಸಾರ್, ಇದನ್ನ ಈಗ ಹಾಕಬಹುದಾ? ಅವನ ಹೆಸರು ಹಾಕಿ, ಅವನು ಕಳ್ಳ ಅಲ್ಲ ಅಂತ?"

ಹಾಕಬಹುದು ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡೆ. ಊರವರು ಮರೆತಿದ್ದರೆ ನಾವು ಮತ್ತೆ ನೆನಪಿಸಿದ ಹಾಗಾಗುತ್ತದೆ. ಮೊದಲ ಸಲ ಅವನನ್ನು ಕೇಳದೇ ಹಾಕಿದ್ದೆ. ಈ ಸಲ ಕೇಳು, ಬೇಡ ಅಂದರೆ ಸಂಖ್ಯೆ ಮಾತ್ರ ಹಾಕು, ಇಪ್ಪತ್ತರಲ್ಲಿ ಎಷ್ಟು ಅಂತ. ಮಂಗಳವಾರ ಕ್ಲಾಸಿಲ್ಲವಂತೆ. ಮಧುಗಿರಿ ಬಸ್ಸಿಗೆ ಹೋಗಿ, ಅಲ್ಲಿಂದ ಆಟೊ ಹಿಡಿದು ಅವನ ಊರಿಗೆ ಹೋಗುತ್ತಾಳಂತೆ. ನಾನೂ ಬರ್ತೀನಿ ಅಂದಿದ್ದೇನೆ.